ಎಡಗೈ ಹೊಲಿಗೆಯ ಮೂಲೆ: ಒಂದು ಕೌದಿಯ ಪ್ರಕರಣ ಅಧ್ಯಯನ

ಹಳೆಯ ಬಟ್ಟೆಗಳ ದುರಸ್ತಿ ನನ್ನ ಕಸುಬು. ಇಳಕಲ್ ಸೀರೆ, ಕಸೂತಿ ಹಾಕಿದ ಕುಪ್ಪಸ, ಮಗುವಿನ ಕುಂಚಿಗೆ, ಹಳೆಯ ಬಟ್ಟೆಗಳನ್ನು ಪದರವಾಗಿ ಹೊಲಿದು ಮಾಡುವ ಹೊದಿಕೆಯಾದ ಕೌದಿ, ಹೀಗೆ ಮನೆಯವರು ಬಿಸಾಡಲಾರದೆ ಬಳಸಲೂ ಆಗದೆ ಇಟ್ಟುಕೊಂಡ ಬಟ್ಟೆಗಳು ನನ್ನ ಮೇಜಿಗೆ ಬರುತ್ತವೆ. ಇಲ್ಲಿ ಹೇಳುವುದು ಅಂಥ ಒಂದೇ ಒಂದು ಕೌದಿಯ ಸಂಗತಿ. ಅದರಲ್ಲಿ ನಾನೊಂದು ತಪ್ಪು ಮಾಡಿದೆ. ಅದು ಹೇಗಾಯಿತು, ಆಮೇಲೆ ಏನು ಮಾಡಿದೆವು ಎಂಬುದು ಇದೇ ಕೆಲಸದವರಿಗೂ, ಮನೆಯ ಟ್ರಂಕಿನಲ್ಲಿ ಇಂಥದ್ದೊಂದು ಗಂಟು ಇರುವವರಿಗೂ ತಿಳಿಯಲಿ ಎಂದು ಬರೆಯುತ್ತಿದ್ದೇನೆ. ಮನೆಯವರ ಒಪ್ಪಿಗೆ ಇದೆ. ಊರಿನ ಹೆಸರು, ಜನರ ಹೆಸರು ಬಿಟ್ಟಿದ್ದೇನೆ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ.

ಹಿನ್ನೆಲೆ

ಬಾಗಲಕೋಟೆ ಜಿಲ್ಲೆಯ ಹೊಳೆದಂಡೆಯ ಒಂದು ಹಳ್ಳಿ. ಆಲಮಟ್ಟಿ ಜಲಾಶಯದ ಹಿನ್ನೀರು ಬಂದಾಗ ಮುಳುಗಿದ ಊರುಗಳಲ್ಲಿ ಅದೂ ಒಂದು. ಈಗ ಜಲಾಶಯದಲ್ಲಿ ನೀರು ನಿಲ್ಲುವುದು ಸಮುದ್ರಮಟ್ಟದಿಂದ 519.60 ಮೀಟರಿನವರೆಗೆ. ಈ ಮನೆತನದ ಹೊಲ, ಬಾವಿ, ಎರಡು ಅಂಕಣದ ಮಣ್ಣಿನ ಮನೆ ಎಲ್ಲ ಆ ಗೆರೆಯ ಕೆಳಗೆ ಹೋಗಿವೆ. ಪರಿಹಾರದ ಕಾಗದದಲ್ಲಿ ಮನೆ, ಜಮೀನು, ಮರ, ಬಾವಿ ಬರೆದಿತ್ತು. ಕೌದಿಗಳನ್ನು ಯಾರೂ ಬರೆಸಲಿಲ್ಲ, ಬರೆಸುವಂಥದ್ದೂ ಅಲ್ಲ. ಎತ್ತಿನ ಗಾಡಿ, ಟ್ರ್ಯಾಕ್ಟರು ತುಂಬಿಸಿ ಪುನರ್ವಸತಿ ಕೇಂದ್ರಕ್ಕೆ ಬರುವಾಗ ಪಾತ್ರೆಗಳು ಉರುಳದಿರಲಿ ಎಂದು ಅವುಗಳ ನಡುವೆ ತುರುಕಿದ್ದ ನಾಲ್ಕು ಕೌದಿಗಳಲ್ಲಿ ಮೂರು ಹರಿದು ಹೋದವು. ಉಳಿದದ್ದು ಇದೊಂದೇ.

ಮನೆಯ ಹಿರಿಯಳಿಗೆ ಈಗ ಎಪ್ಪತ್ತೆಂಟರ ಆಸುಪಾಸು. ಎಲ್ಲರೂ ಅವ್ವ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಗ್ಲಾಕೋಮಾ ಬಂದು ಎರಡೂ ಕಣ್ಣು ಹೋಗಿವೆ. ಹಿರಿಯ ಮಗನ ಜೊತೆ ಪುನರ್ವಸತಿ ಕೇಂದ್ರದಲ್ಲೇ ಇದ್ದಾಳೆ. ಮಗಳು ಹುಬ್ಬಳ್ಳಿಯಲ್ಲಿ. ಕಿರಿಯ ಮಗ ಬೆಂಗಳೂರಿನಲ್ಲಿ. ಈ ಕಿರಿಯ ಮಗನನ್ನು ಅವ್ವ ಹೆತ್ತದ್ದಲ್ಲ. ಅವನು ಅವಳ ನೆಗೆಣ್ಣಿಯ, ಅಂದರೆ ಓರಗಿತ್ತಿಯ ಮಗ. ನೆಗೆಣ್ಣಿ ಹೆರಿಗೆಯಲ್ಲಿ ತೀರಿಕೊಂಡಾಗ ಕೂಸನ್ನು ಅವ್ವನೇ ಎದೆಗೆ ಹಾಕಿಕೊಂಡು ಸಾಕಿದಳು. ಮನೆಯಲ್ಲಿ ಇದೇನೂ ಗುಟ್ಟಿನ ಮಾತಲ್ಲ, ಆದರೆ ಯಾರೂ ಅದರ ಬಗ್ಗೆ ಮಾತಾಡುತ್ತಿರಲಿಲ್ಲ. ಸತ್ತ ಆ ಹೆಣ್ಣುಮಗಳ ಒಂದು ಫೋಟೊ ಕೂಡ ಇರಲಿಲ್ಲ. ಇದನ್ನು ಓದುವವರು ಇಲ್ಲಿಯೇ ನೆನಪಿಟ್ಟುಕೊಳ್ಳಿ, ನನಗೆ ಇದು ತಡವಾಗಿ ಗೊತ್ತಾಯಿತು.

ಉತ್ತರ ಕರ್ನಾಟಕದ ಹೊರಗಿನವರಿಗಾಗಿ ಕೌದಿಯ ಬಗ್ಗೆ ಎರಡು ಮಾತು. ಉಟ್ಟು ಹಳತಾದ ಸೀರೆ, ಧೋತರ, ಅಂಗಿ, ಕುಪ್ಪಸಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಕೂಡಿಸಿ, ಒತ್ತಾಗಿ ಓಟದ ಹೊಲಿಗೆ ಹಾಕುತ್ತಾರೆ. ಅಂಚಿನಿಂದ ಶುರುವಾದ ಹೊಲಿಗೆ ಸುತ್ತುತ್ತ ಸುತ್ತುತ್ತ ಒಳಗೆ ಬಂದು ನಡುವೆ ಮುಗಿಯುತ್ತದೆ. ಊರೂರು ತಿರುಗಿ ಕೂಲಿಗೆ ಹೊಲಿದುಕೊಡುವ ಹೆಂಗಸರೂ ಇದ್ದಾರೆ. ಈ ಕೌದಿಯನ್ನು ಮಾತ್ರ ಮನೆಯವರೇ ಹೊಲಿದದ್ದು: ಅವ್ವನ ಅತ್ತೆ, ಅವ್ವ, ಅವ್ವನ ನೆಗೆಣ್ಣಿ. 1972ರ ಬರ ಕಳೆದು ಮೊದಲ ಹಿಂಗಾರಿ ಸುಗ್ಗಿ ಮನೆಗೆ ಬಂದ ಬೇಸಿಗೆಯಲ್ಲಿ, ಅಂದರೆ 1974ರಲ್ಲಿ.

ನನ್ನ ಬಳಿ ಬಂದಾಗ

ಕೌದಿಯನ್ನು ತಂದವಳು ಬೆಂಗಳೂರಿನ ಕಿರಿಯ ಮಗನ ಮಗಳು, ಇಪ್ಪತ್ತನಾಲ್ಕು ವರ್ಷದವಳು. ಅಷ್ಟರಲ್ಲಿ ಅದರ ಮೇಲೆ ಎರಡು ಜಗಳ ಆಗಿದ್ದವು.

ಮೊದಲನೆಯದು ತೊಳೆದ ಜಗಳ. ದಸರೆಗೆ ಮೊದಲು ಹಾಸಿಗೆ, ಕೌದಿ ಎಲ್ಲ ಒಗೆಯುವುದು ಆ ಕಡೆಯ ಪದ್ಧತಿ. ಹಬ್ಬಕ್ಕೆಂದು ತವರಿಗೆ ಬಂದಿದ್ದ ಹುಬ್ಬಳ್ಳಿಯ ಮಗಳು ಕೌದಿಯನ್ನು ತನ್ನ ಮನೆಗೆ ಒಯ್ದು ವಾಷಿಂಗ್ ಮಷೀನಿಗೆ ಹಾಕಿದಳು. ಸೀರೆಯ ಸೆರಗಿನ ಕೆಂಪು ಬಿಟ್ಟು ಬಿಳಿ ಧೋತರದ ತುಂಡುಗಳೆಲ್ಲ ಗುಲಾಬಿಯಾದವು. ಅದನ್ನು ಮಾಳಿಗೆಯ ತಂತಿಗೆ ಹಾಕಿದಾಗ ಒಂದು ಮೂಲೆ ಕಿತ್ತು ಜೋತುಬಿತ್ತು. ಒಳಗಿನ ಪದರ ಒಣಗದೆ ಮುಗ್ಗಲು ವಾಸನೆ ಹಿಡಿಯಿತು. "ಐವತ್ತ ವರ್ಷ ಹೊಳ್ಯಾಗ ಒಗದ್ರೂ ಏನೂ ಆಗಲಿಲ್ಲ, ನೀ ಒಂದ ದಿನಕ್ಕ ಹಾಳ ಮಾಡಿದಿ" ಎಂದು ಅಣ್ಣ ಅಂದ. ಅದಾದ ಮೇಲೆ ಎರಡು ವರ್ಷ ಅವಳು ತವರಿಗೆ ಬರಲಿಲ್ಲ.

ಹೊಳೆಯಲ್ಲಿ ಆಗದ್ದು ಮಷೀನಿನಲ್ಲಿ ಯಾಕಾಯಿತು ಎಂದು ಬಹಳ ಜನ ನನ್ನನ್ನು ಕೇಳುತ್ತಾರೆ. ಒಣಗಿದಾಗ ನಾಲ್ಕು ಕಿಲೋ ತೂಗುವ ಏಳು ಪದರದ ಹತ್ತಿ ನೀರು ಕುಡಿದರೆ ಒಬ್ಬರಿಂದ ಎತ್ತಲಾಗುವುದಿಲ್ಲ. ಹೊಳೆಯಲ್ಲಿ ಆ ಭಾರವನ್ನು ಬಂಡೆ ಹೊರುತ್ತಿತ್ತು, ಒಣಗಿಸುವಾಗ ಮರಳು ಹೊರುತ್ತಿತ್ತು, ಕೌದಿಯನ್ನು ಯಾರೂ ನೇತುಹಾಕುತ್ತಿರಲಿಲ್ಲ. ಮಷೀನು ಗಿರಕಿ ಹೊಡೆಸುವಾಗ, ತಂತಿಯ ಮೇಲೆ ಜೋತಾಡುವಾಗ ಇಡೀ ಭಾರ ಹೊಲಿಗೆಯ ದಾರದ ಮೇಲೆ ಬೀಳುತ್ತದೆ. ಆ ದಾರ ಐವತ್ತು ವರ್ಷದ್ದು. ಸಾಲದ್ದಕ್ಕೆ ಬಿಸಿನೀರು, ಕ್ಷಾರದ ಪುಡಿ. ಕೆಂಪು ಬಿಡದೆ ಇನ್ನೇನು ಮಾಡೀತು? ನಾನು ದಾರದ ತುಂಡೊಂದನ್ನು ಎರಡು ಬೆರಳಲ್ಲಿ ಹಿಡಿದು ಎಳೆದು ನೋಡಿದೆ, ತುಸು ಜಗ್ಗಿದರೆ ಕಡಿಯುತ್ತಿತ್ತು. ಆ ವರ್ಷ ಹೊಳೆಯಲ್ಲಿ ಒಗೆದಿದ್ದರೂ ಅದು ಉಳಿಯುತ್ತಿತ್ತೆಂದು ಹೇಳಲಾರೆ. ಇದನ್ನು ನಾನು ಬರೆದು ಕಳಿಸಿದೆ, ಮುಖ್ಯವಾಗಿ ಆ ಮಗಳಿಗಾಗಿ.

ಎರಡನೆಯ ಜಗಳ, ಇದು ಯಾರಿಗೆ ಎಂಬುದು. ಚಿನ್ನವಾಗಿದ್ದರೆ ತೂಗಿ ಹಂಚುತ್ತಿದ್ದರು, ಹೊಲವಾಗಿದ್ದರೆ ಗುಂಟೆ ಲೆಕ್ಕ ಇತ್ತು. ಪೇಟೆಯಲ್ಲಿ ಈ ಕೌದಿಗೆ ಬೆಲೆಯೇ ಇಲ್ಲ, ಹಾಗಾಗಿ ಇಷ್ಟಕ್ಕೆ ಬಿಟ್ಟುಕೊಡು ಎಂದು ಯಾರೂ ಯಾರಿಗೂ ಹೇಳುವಂತಿರಲಿಲ್ಲ. ಹಿರಿಯ ಮಗ, ಅದು ಊರ ಮನೆಯಲ್ಲೇ ಇರಬೇಕು ಎಂದ. ಮೂರು ತುಂಡು ಮಾಡಿ ಹಂಚಿಕೊಳ್ಳೋಣ ಎಂದು ಹುಬ್ಬಳ್ಳಿಯವರ ಮಾತು. ಬೆಂಗಳೂರಿನ ಮೊಮ್ಮಗಳಿಗೆ ಅದನ್ನು ಇಡಿಯಾಗಿ ಗಾಜಿನ ಚೌಕಟ್ಟಿನಲ್ಲಿ ಹಾಕಿ ಗೋಡೆಗೆ ತೂಗುಹಾಕುವ ಆಸೆ. ಅದಕ್ಕೆ ದುಡ್ಡು ಕೂಡಿಸಿಟ್ಟಿದ್ದಳು. ಮೂವರೂ ನನಗೆ ಬೇರೆಬೇರೆಯಾಗಿ ಫೋನ್ ಮಾಡಿ ತಮ್ಮ ವಾದ ಹೇಳಿದರು. ಅವ್ವ ಏನಂತಾಳೆ ಎಂದು ನಾನು ಕೇಳಿದಾಗ ಮೂವರದೂ ಒಂದೇ ಉತ್ತರ: "ಅಕಿಗೆ ಕಣ್ಣ ಕಾಣಂಗಿಲ್ಲ."

ಆ ಉತ್ತರವನ್ನು ನಾನು ಒಪ್ಪಿಕೊಂಡೆ. ತಪ್ಪು ಶುರುವಾದದ್ದು ಅಲ್ಲಿಂದ, ಕತ್ತರಿ ಹಿಡಿಯುವುದಕ್ಕಿಂತ ಎರಡು ವಾರ ಮೊದಲೇ.

ಮೊದಲು ಮಾಡಿದ್ದು

ಕೌದಿಯ ನಡುವೆ ಅಂಗೈಯಗಲದ ತೂತು, ಸುತ್ತ ಹುಳ ತಿಂದ ಪುಡಿ. ಕಿತ್ತ ಮೂಲೆಯ ಒಳಗೂ ಹುಳದ ಗುರುತು. ಜೀವಂತ ಹುಳ ಇದ್ದರೆ ನನ್ನಲ್ಲಿದ್ದ ಬೇರೆ ಬಟ್ಟೆಗಳಿಗೂ ಹರಡುತ್ತದೆ. ನುಸಿಗುಳಿಗೆ ನಾನು ಬಳಸುವುದಿಲ್ಲ. ಅದರ ವಾಸನೆ ಮನುಷ್ಯರಿಗೂ ಒಳ್ಳೆಯದಲ್ಲ, ಬಟ್ಟೆಗೆ ತಾಗಿದರೆ ಕಲೆಯಾಗುವುದೂ ಉಂಟು. ಕೌದಿಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಗಾಳಿಯಾಡದಂತೆ ಸುತ್ತಿ, ಪರಿಚಯದವರೊಬ್ಬರ ಐಸ್‌ಕ್ರೀಂ ಅಂಗಡಿಯ ಡೀಪ್ ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಟ್ಟೆ. ಹೊರಗೆ ತೆಗೆದ ಮೇಲೆ ಒಂದು ಹಗಲು ಒಂದು ರಾತ್ರಿ ಹಾಳೆ ಬಿಚ್ಚಲಿಲ್ಲ. ಬೇಗ ಬಿಚ್ಚಿದರೆ ತಣ್ಣನೆಯ ಬಟ್ಟೆಯ ಮೇಲೆ ಹನಿಗಟ್ಟುತ್ತದೆ. ಆಮೇಲೆ ಮೇಲೊಂದು ನೈಲಾನ್ ಬಲೆ ಹಾಸಿ, ವ್ಯಾಕ್ಯೂಮ್ ಕ್ಲೀನರನ್ನು ಅತಿ ಮೆಲ್ಲಗೆ ಓಡಿಸಿ ಪುಡಿ ತೆಗೆದೆ.

ದಾರ ಕಟ್ಟಿ ಕೌದಿಯನ್ನು ಚೌಕ ಚೌಕವಾಗಿ ವಿಂಗಡಿಸಿ ಎರಡೂ ಮಗ್ಗುಲಿನ ಫೋಟೊ ತೆಗೆದೆ. ಮೇಲಿನ ಪದರದಲ್ಲಿ 63 ತುಂಡು. ಒಂದೊಂದು ಬಣ್ಣದ ಮೇಲೂ ಒದ್ದೆ ಹತ್ತಿ ಇಟ್ಟು, ಮೇಲೊಂದು ಭಾರ ಹೇರಿ ನೋಡಿದಾಗ ಎರಡು ಕೆಂಪು ಮತ್ತು ಒಂದು ನೀಲಿ ಇನ್ನೂ ಬಣ್ಣ ಬಿಡುತ್ತಿದ್ದವು. ಹಾಗಾಗಿ ಮತ್ತೆ ನೀರಿಗೆ ಹಾಕುವ ಮಾತೇ ಇಲ್ಲವೆಂದಾಯಿತು. ಗುಲಾಬಿ ಕಲೆಯನ್ನು ಒಂದೇ ತುಂಡಿನ ಮೇಲೆ, ಶುದ್ಧ ನೀರು ಮತ್ತು ಸೌಮ್ಯ ಸೋಪಿನಿಂದ ಒತ್ತಿ ಒತ್ತಿ ತೆಗೆಯಲು ಪ್ರಯತ್ನಿಸಿದೆ. ಸ್ವಲ್ಪ ತಿಳಿಯಾಯಿತು, ಹೋಗಲಿಲ್ಲ. ಅಲ್ಲಿಗೇ ನಿಲ್ಲಿಸಿದೆ.

ಮೂಲೆಯ ವಿಷಯಕ್ಕೆ ಬರುತ್ತೇನೆ. ಕಿತ್ತ ಮೂಲೆಯ ಒಳಪದರ ಹುಳ ತಿಂದು ಜಾಳಾಗಿತ್ತು. ಅದಕ್ಕೆ ಆಸರೆ ಬಟ್ಟೆ ಕೊಡಬೇಕಾದರೆ ಹೊಲಿಗೆ ಬಿಚ್ಚಬೇಕು. ಆ ಮೂಲೆಯ ಹೊಲಿಗೆ ಉಳಿದವುಗಳಂತೆ ಇರಲಿಲ್ಲ. ಬೇರೆ ಮೂರು ಮೂಲೆಯಿಂದ ಸುತ್ತಿ ಬಂದ ಸಾಲುಗಳು ಇಲ್ಲಿ ನಿಂತಿದ್ದವು. ಎದುರು ದಿಕ್ಕಿನಿಂದ ಬಂದ ಸಾಲುಗಳು ಅವಕ್ಕೆ ಬಂದು ಮುಟ್ಟಿದ್ದವು. ಹೊಲಿಗೆಗಳ ವಾಲು ಕೂಡ ತಿರುಗಿತ್ತು. ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದದ್ದು: "ನಾಲ್ಕನೇ ಮೂಲೆ, ಹೊಲಿಗೆ ದೋಷ, ಕಲಿಯುವವರ ಕೈ ಇರಬಹುದು." ಒಂದು ಮೊಳ ಅಗಲದಷ್ಟು ಹೊಲಿಗೆ ಬಿಚ್ಚಿದೆ. ದಾರಗಳು ಪುಡಿಪುಡಿಯಾಗಿದ್ದವು, ಬುಟ್ಟಿಗೆ ಹಾಕಿದೆ. ಹೊಸ ದಾರದ ದಪ್ಪ ಹೊಂದಿಸಿ ನೋಡಲು ಒಂದು ಗೇಣುದ್ದದ ತುಂಡನ್ನು ಮಾತ್ರ ಪುಸ್ತಕಕ್ಕೆ ಅಂಟಿಸಿದ್ದೆ. ಅದು ನನ್ನ ರೂಢಿ, ಮುಂದಾಲೋಚನೆಯೇನಲ್ಲ.

ಅವ್ವನ ಹೆಬ್ಬೆರಳು

ತುಂಡುಗಳು ಯಾರ್ಯಾರ ಬಟ್ಟೆ ಎಂದು ಬರೆದಿಟ್ಟರೆ ಚೌಕಟ್ಟಿನ ಕೆಳಗೆ ಹಾಕಬಹುದು ಎಂಬುದು ಮೊಮ್ಮಗಳ ಆಸೆ. ಹಾಗಾಗಿ ಅರ್ಧ ಕೆಲಸವಾದ ಕೌದಿಯನ್ನು ಹೊತ್ತುಕೊಂಡು ನಾವಿಬ್ಬರೂ ಪುನರ್ವಸತಿ ಕೇಂದ್ರದ ಮನೆಗೆ ಹೋದೆವು. ಪಡಸಾಲೆಯಲ್ಲಿ ಅವ್ವನ ತೊಡೆಯ ಮೇಲೆ ಹಾಸಿದೆವು.

ಅವಳು ತುಂಡುಗಳನ್ನು ಮುಟ್ಟಲಿಲ್ಲ. ಕೌದಿಯನ್ನು ತಿರುವಿ ಹಾಕಿದಳು. ಹಿಂಬದಿಯ ಹೊಲಿಗೆಯ ಮೇಲೆ ಹೆಬ್ಬೆರಳನ್ನು ಮೆಲ್ಲಗೆ, ಜಪಮಣಿ ಎಣಿಸುವಂತೆ ಓಡಿಸಿದಳು. "ಇದು ನಮ್ಮ ಅತ್ತಿ ಕೈ. ಸಣ್ಣ ಹೊಲಗಿ, ಒತ್ತೊತ್ತು. ಜ್ವಾಳದ ಕಾಳ ಸಾಲಿಟ್ಟಾಂಗ." ಒಂದು ಮೊಳ ದಾಟಿದ ಮೇಲೆ, "ಇದು ನಂದು. ನನಗ ಅವಸರ, ದೂರ ದೂರ ಬಿದ್ದಾವು." ಹೀಗೆ ಎರಡು ಅಂಚು ಮುಗಿಸಿ ನಾಲ್ಕನೇ ಮೂಲೆಗೆ ಬಂದಳು. ಬೆರಳು ನಿಂತಿತು. ಮುಂದೆ ಹೋಯಿತು, ಹಿಂದೆ ಬಂತು.

"ಇಲ್ಲಿದ್ದ ಹೊಲಗಿ ಎಲ್ಲಿ ಹೋದುವು?"

ಹುಳ ತಿಂದಿತ್ತು, ದುರಸ್ತಿಗೆ ಬಿಚ್ಚಿದ್ದೇನೆ ಎಂದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅದು ಎಡಗೈಯಾಕಿದು," ಎಂದಳು. ಮೊಮ್ಮಗಳ ಕಡೆ ಮುಖ ತಿರುಗಿಸಿ, "ನಿಮ್ಮಪ್ಪನ ಹಡದಾಕಿದು."

ಮೂವರು ಹೆಂಗಸರು ಕೂತು ಹೊಲಿಯುವಾಗ ನೆಗೆಣ್ಣಿಗೆ ಹತ್ತೊಂಬತ್ತು ವರ್ಷ. ಎಡಚಿ. ಬಲಗೈಯವರ ಸಾಲು ಒಂದು ದಿಕ್ಕಿಗೆ ಸಾಗಿದರೆ ಅವಳದು ಎದುರು ದಿಕ್ಕಿಗೆ. ಅತ್ತೆ ಮೊದಲು ಬೈದಳಂತೆ, ಆಮೇಲೆ ಒಂದು ಮೂಲೆಯನ್ನು ಅವಳಿಗೇ ಬಿಟ್ಟುಕೊಟ್ಟು, "ನೀ ಆ ಕಡಿಂದ ಬಾ, ನಾವು ಈ ಕಡಿಂದ ಬರತೀವಿ, ಎಲ್ಲಿ ಕೂಡತೀವೋ ಅಲ್ಲಿ ಕೂಡೂಣು" ಎಂದಳಂತೆ. ನಾನು ದೋಷ ಎಂದು ಬರೆದದ್ದು ಆ ಕೂಡಿದ ಜಾಗವನ್ನು. ಎರಡು ವರ್ಷಕ್ಕೆ ಆ ಹುಡುಗಿ ತೀರಿಕೊಂಡಳು. ಅವಳ ಸೀರೆ ಕುಪ್ಪಸಗಳನ್ನು ಯಾರೂ ಇಟ್ಟುಕೊಳ್ಳಲಿಲ್ಲ. ಅವಳ ಕೈಯಿಂದ ಈ ಭೂಮಿಯ ಮೇಲೆ ಉಳಿದದ್ದು ಆ ಒಂದು ಮೊಳದ ಹೊಲಿಗೆ. ಐವತ್ತು ವರ್ಷ ಅವ್ವ ರಾತ್ರಿ ಕೌದಿ ಹೊದ್ದು ಮಲಗುವಾಗ ಆ ಮೂಲೆ ಕೈಗೆ ಸಿಗುವಂತೆ ಹೊದೆಯುತ್ತಿದ್ದಳು. ಮನೆಯವರಿಗೆ ಇದು ಗೊತ್ತಿರಲಿಲ್ಲ, ಅವಳೂ ಹೇಳಿರಲಿಲ್ಲ.

ಆ ಸಂಜೆ ನನ್ನ ಕೈಗೆ ಕೆಲಸ ಹತ್ತಲಿಲ್ಲ. ಬಟ್ಟೆ ಉಳಿಸುವುದೆಂದರೆ ಬಟ್ಟೆಯನ್ನು ಉಳಿಸುವುದು ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ದಾರ ಬದಲಿಸುವಂಥದ್ದು, ಬಟ್ಟೆ ಕಾಯುವಂಥದ್ದು. ಈ ಕೌದಿಯಲ್ಲಿ ಕಾಯಬೇಕಾದದ್ದು ದಾರವೇ ಆಗಿತ್ತು.

ತಿರುವು

ನನ್ನ ಮೊದಲ ಸಲಹೆ ಕಸುಬಿನವರ ಸಲಹೆ. ಬಿಚ್ಚುವ ಮೊದಲು ತೆಗೆದ ಫೋಟೊಗಳಿದ್ದವು. ಹಳೆಯ ಬಟ್ಟೆಯಲ್ಲಿ ಸೂಜಿಯ ತೂತುಗಳು ಮುಚ್ಚಿಕೊಂಡಿರಲಿಲ್ಲ. ಐವತ್ತು ವರ್ಷದ ದೂಳು ಹೊಲಿಗೆಯ ಸುತ್ತ ನೆರಳಿನ ಗೆರೆ ಬಿಟ್ಟಿತ್ತು. ಅದೇ ತೂತುಗಳಲ್ಲಿ, ಅದೇ ದಿಕ್ಕಿನಲ್ಲಿ, ಅದೇ ದಪ್ಪದ ದಾರದಿಂದ ಇದ್ದಂತೆಯೇ ಹೊಲಿದುಕೊಡುತ್ತೇನೆ ಎಂದೆ. ಮೊಮ್ಮಗಳು ಒಪ್ಪಿದಳು. ಅವ್ವ ಒಪ್ಪಲಿಲ್ಲ.

"ನೀ ಅಕಿ ಹಾಂಗ ಹೊಲದ್ರ ಅದು ಅಕಿದು ಆಗತೈತೇನು? ನನ್ನ ಬೆರಳಿಗೆ ಸುಳ್ಳ ಹೇಳಬ್ಯಾಡ."

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಹಾಗಾದರೆ ಬಿಚ್ಚಿದ್ದು ಬಿಚ್ಚಿದಂತೆಯೇ ಇರಲಿ, ತಾತ್ಕಾಲಿಕ ಟಾಕು ಹಾಕಿ ನಿಲ್ಲಿಸುತ್ತೇನೆ ಎಂದೆ. ಅದಕ್ಕೂ ಅವಳು ಬೇಡವೆಂದು ತಲೆಯಾಡಿಸಿದಳು. ಹರಿದದ್ದನ್ನು ಹೊಲಿಯದಿದ್ದರೆ ಅದು ಕೌದಿಯೇ ಅಲ್ಲ ಎಂಬುದು ಅವಳ ನಿಲುವು. ಎರಡು ದಿನ ಇದರ ಸುತ್ತವೇ ಮಾತು ಸುತ್ತಿತು. ಕೊನೆಗೆ ದಾರಿ ತೋರಿಸಿದವಳು ಅವಳೇ: ಎಡಗೈಯಾಕಿಯ ತೂತುಗಳನ್ನು ತುಂಬಬಾರದು. ಅವು ಹಾಗೇ ಖಾಲಿ ಇರಲಿ. ಅವುಗಳ ಪಕ್ಕದಲ್ಲಿ, ಅರ್ಧ ಬೆರಳು ಬಿಟ್ಟು, ಮೊಮ್ಮಗಳು ತನ್ನ ಬಲಗೈಯಿಂದ ತನಗೆ ಬಂದಂತೆ ಹೊಲಿಯಲಿ.

ಸಂರಕ್ಷಣೆಯ ಪಾಠದಲ್ಲಿ ನಾನು ಕಲಿತದ್ದು ಆದಷ್ಟು ಕಡಿಮೆ ಕೈ ಹಾಕು, ಹಾಕಿದ್ದನ್ನು ಮತ್ತೆ ತೆಗೆಯುವಂತೆ ಹಾಕು ಎಂದು. ಮ್ಯೂಸಿಯಮ್ಮಿನ ವಸ್ತುವಿಗೆ ಅದು ಸರಿ, ಈಗಲೂ ಸರಿ. ಕೌದಿಯ ಧರ್ಮ ಬೇರೆ. ಹರಿದಾಗ ಮೇಲೊಂದು ಪದರ ಸೇರಿಸುತ್ತ ಬರುವುದು ಅದರ ಬಾಳುವೆ. ಅವ್ವನ ತೀರ್ಮಾನದಲ್ಲಿ ಎರಡಕ್ಕೂ ಜಾಗ ಇತ್ತು ಎಂದು ನನಗೆ ಅನ್ನಿಸುತ್ತದೆ. ಹಳೆಯ ತೂತುಗಳಿಗೆ ಏನೂ ಆಗಲಿಲ್ಲ, ಮೂಲೆಯೂ ಗಟ್ಟಿಯಾಯಿತು.

ನಾನು ಒಳಗೆ ಹಳೆಯ ಮೆತ್ತನೆಯ ಹತ್ತಿ ಬಟ್ಟೆಯ ಆಸರೆ ಕೊಟ್ಟೆ. ಮೊಮ್ಮಗಳು ಹೊಲಿದಳು, ಒಂದು ಮೊಳಕ್ಕೆ ಮೂರು ದಿನ. ಅವಳ ಸಾಲು ಹಾವು ಹರಿದಂತೆ ಇದೆ. ಪುಸ್ತಕಕ್ಕೆ ಅಂಟಿಸಿದ್ದ ಗೇಣುದ್ದದ ದಾರವನ್ನು ಬಿಡಿಸಿ ಅವಳಿಗೆ ಕೊಟ್ಟೆ. ಹುಬ್ಬಳ್ಳಿಯ ಮಗಳೂ ಬಂದಳು. ಅವ್ವ ಅವಳ ಕೈ ಹಿಡಿದು ಗುಲಾಬಿ ಕಲೆ ಎಲ್ಲೆಲ್ಲಿ ಎಂದು ತೋರಿಸಿಕೊಂಡು, "ನನಗಂತೂ ಕಾಣಂಗಿಲ್ಲ, ನಿಮ್ಮ ಕಣ್ಣಿಗೆ ಬಿದ್ರ ಇದು ನನ್ನ ಮಗಳು ಒಗದದ್ದು ಅನ್ರಿ" ಎಂದಳು. ಕಲೆ ತೆಗೆಯುವ ಪ್ರಯತ್ನವನ್ನು ನಾನು ಅಲ್ಲಿಗೆ ಪೂರ್ತಿ ಬಿಟ್ಟೆ. ಹಿರಿಯ ಮಗ ಹೊಲಿಯಲು ಕೂರಲಿಲ್ಲ, ಅವನ ಹೆಂಡತಿ ಕೂತಳು.

ಗಾಜಿನ ಚೌಕಟ್ಟಿನ ವಿಷಯದಲ್ಲಿ ಯಾರೂ ಮೊಮ್ಮಗಳಿಗೆ ಬೇಡ ಎನ್ನಲಿಲ್ಲ. ಗಾಜು ಹಾಕಿದ ಮೇಲೆ ಅದನ್ನು ಮುಟ್ಟುವುದು ಹೇಗೆ ಎಂದು ಅವಳೇ ಒಂದು ಸಂಜೆ ನನ್ನನ್ನು ಕೇಳಿ, ಉತ್ತರಕ್ಕೆ ಕಾಯದೆ ಆ ವಿಚಾರ ಕೈಬಿಟ್ಟಳು. ತುಂಡು ಮಾಡುವ ಮಾತು ಮತ್ತೆ ಏಳಲೇ ಇಲ್ಲ. ಕೌದಿಯ ಹೊಲಿಗೆ ಸುತ್ತಿಕೊಂಡು ಬರುವುದರಿಂದ ಎಲ್ಲಿ ಕತ್ತರಿಸಿದರೂ ಮೂವರ ಕೈಯೂ ತುಂಡಾಗುತ್ತದೆ ಎಂದು ಎಲ್ಲರಿಗೂ ಆಗ ತಿಳಿದಿತ್ತು.

63 ತುಂಡುಗಳ ಪಟ್ಟಿ

ನಾಲ್ಕು ದಿನ, ಒಟ್ಟು ಮೂರು ಮುಕ್ಕಾಲು ಗಂಟೆ ಅವ್ವನ ಮಾತನ್ನು ಫೋನಿನಲ್ಲಿ ಮುದ್ರಿಸಿಕೊಂಡೆವು. 63 ತುಂಡುಗಳಲ್ಲಿ 41ನ್ನು ಅವಳು ಬೆರಳಿನಿಂದಲೇ ಗುರುತಿಸಿದಳು. ಗುಳೇದಗುಡ್ಡದ ಖಣ, ಅಂದರೆ ಕುಪ್ಪಸದ ಬಟ್ಟೆ, ಸುಲಭ; ನೇಯ್ಗೆಯ ಬುಟ್ಟಾ ಬೆರಳಿಗೆ ಸಿಗುತ್ತದೆ. ತನ್ನ ಮದುವೆಯ ಇಳಕಲ್ ಸೀರೆಯನ್ನು ಹಿಡಿದ ರೀತಿ ಮಾತ್ರ ನಾನು ಮರೆಯಲಾರೆ. ಇಳಕಲ್ ಸೀರೆಯಲ್ಲಿ ಮೈ ಬೇರೆ, ಸೆರಗು ಬೇರೆ; ಹತ್ತಿಯ ಮೈಯ ಹಾಸನ್ನೂ (ಉದ್ದಕ್ಕೆ ಓಡುವ ನೂಲು) ರೇಷ್ಮೆ ಸೆರಗಿನ ಹಾಸನ್ನೂ ಕೊಂಡಿ ಕೊಂಡಿಯಾಗಿ ಸಿಕ್ಕಿಸಿ ಕೂಡಿಸುತ್ತಾರೆ. ಆ ಕೂಡುಗೆರೆ ಒಂದು ತುಂಡಿನ ನಡುವೆ ಬಂದಿತ್ತು. ಒರಟಿನಿಂದ ನುಣುಪಿಗೆ ದಾಟುವ ಆ ಏರನ್ನು ಬೆರಳು ಮುಟ್ಟಿದ ಕೂಡಲೇ, "ಸೆರಗ ಇಲ್ಲಿಂದ ಶುರು," ಎಂದು ತಲೆಯ ಮೇಲೆ ಸೆರಗು ಎಳೆದುಕೊಂಡಳು.

ಎಲ್ಲವೂ ಹೀಗೆ ಸಲೀಸಾಗಿ ಆಗಲಿಲ್ಲ. ಒಂದು ಖಾಕಿ ತುಂಡನ್ನು ಅವ್ವ ಹಿರಿಯ ಮಗನ ಶಾಲೆಯ ಚಡ್ಡಿ ಎಂದಳು. ಕೌದಿ ಹೊಲಿದಾಗ ನಾನು ಶಾಲೆಗೇ ಹೋಗುತ್ತಿರಲಿಲ್ಲ, ಅದು ಅಪ್ಪನ ಅಂಗಿ ಎಂದು ಮಗ ಹೇಳಿದ. ಆಮೇಲೆ ಎಂದೋ ತೇಪೆ ಹಾಕಿದ್ದಿರಬಹುದು, ಇಲ್ಲದೆಯೂ ಇರಬಹುದು. ಇಂಥವು ಒಂಬತ್ತು. ಎರಡೂ ಮಾತನ್ನು ಯಾರು ಹೇಳಿದ್ದು ಎಂದು ಸೇರಿಸಿ ಬರೆದೆವು. ಉಳಿದ 13ರ ಮುಂದೆ ಜಾಗ ಖಾಲಿ ಬಿಟ್ಟಿದ್ದೇವೆ. ಖಾಲಿ ಬಿಡುವುದು ಮೊಮ್ಮಗಳಿಗೆ ಕಷ್ಟವಾಯಿತು. ಏನಾದರೂ ಬರೆಯೋಣ ಎಂದಳು. ಬೇಡ ಎಂದೆ. ಇವತ್ತು ಊಹೆಯಿಂದ ಬರೆದದ್ದು ಮುಂದಿನ ತಲೆಮಾರಿಗೆ ನೆನಪಾಗಿ ಹೋಗುತ್ತದೆ.

ನನ್ನ ಕೆಲಸದಲ್ಲಿ ಬದಲಾದದ್ದು

ಆವತ್ತಿನಿಂದ, ಮನೆಯಲ್ಲಿ ಆ ಬಟ್ಟೆಯನ್ನು ಬಳಸಿದ ಹಿರಿಯರು ಬದುಕಿದ್ದರೆ ಅವರ ತೊಡೆಯ ಮೇಲೆ ಅದನ್ನು ಇಟ್ಟು ನೋಡದ ಹೊರತು ನಾನು ಒಂದು ಹೊಲಿಗೆಯನ್ನೂ ಬಿಚ್ಚುವುದಿಲ್ಲ. ಅವರಿಗೆ ಕಣ್ಣು ಕಾಣದಿರಲಿ, ಕಿವಿ ಕೇಳದಿರಲಿ, ಮರೆವು ಬಂದಿರಲಿ. ತಂದವರು ಒಪ್ಪದಿದ್ದರೆ ಕೆಲಸ ಬಿಡುತ್ತೇನೆ, ಎರಡು ಸಲ ಬಿಟ್ಟಿದ್ದೇನೆ. ಟಿಪ್ಪಣಿ ಪುಸ್ತಕದಲ್ಲಿ ದೋಷ ಎಂಬ ಪದ ಬರೆಯುವುದನ್ನು ನಿಲ್ಲಿಸಿದೆ. ಬೇರೆ ರೀತಿ ಇದೆ ಎಂದಷ್ಟೇ ಬರೆಯುತ್ತೇನೆ, ಅದು ಯಾರನ್ನಾದರೂ ಕೇಳಬೇಕಾದ ಪ್ರಶ್ನೆ ಎಂದು ನನಗೇ ನೆನಪಾಗಲಿ ಎಂದು. ಫೋಟೊ ತೆಗೆಯುವಾಗ ಒಂದು ಪಕ್ಕದಿಂದ ಮಾತ್ರ ಬೆಳಕು ಬೀಳುವಂತೆ ಇನ್ನೊಂದು ಸುತ್ತು ತೆಗೆಯುತ್ತೇನೆ. ಹೊಲಿಗೆಯ ಏರುತಗ್ಗು ಅದರಲ್ಲಿ ಕಾಣುವಷ್ಟು ನೇರ ಬೆಳಕಿನಲ್ಲಿ ಕಾಣುವುದಿಲ್ಲ. ಬಿಚ್ಚಿದ ದಾರವನ್ನು, ಅದು ಪುಡಿಯಾಗಿದ್ದರೂ, ಜಾಗದ ಗುರುತು ಬರೆದ ಕಾಗದದ ಪೊಟ್ಟಣದಲ್ಲಿ ಇಟ್ಟು ಮನೆಯವರಿಗೇ ಕೊಡುತ್ತೇನೆ.

ಆ ಸೀಮೆಯವರಿಗೆ ಒಂದು ಮಾತು, ತುಸು ಆತುರದಿಂದಲೇ ಹೇಳುತ್ತೇನೆ. ಆಲಮಟ್ಟಿಯ ಮಟ್ಟವನ್ನು 524.256 ಮೀಟರಿಗೆ ಏರಿಸುವ ಯೋಜನೆ ಇದೆ. ಏರಿಸಿದರೆ ಇನ್ನಷ್ಟು ಊರುಗಳು ಗಂಟುಮೂಟೆ ಕಟ್ಟಬೇಕಾಗುತ್ತದೆ. ಮನೆಯ ಅಳತೆ, ಮರದ ಲೆಕ್ಕ ಹಿಡಿಯಲು ಜನ ಬರುತ್ತಾರೆ. ಕೌದಿಯ ಮೇಲೆ ಕೈಯಾಡಿಸಿ ಹೇಳುವವರ ಮಾತನ್ನು ಹಿಡಿದಿಡಲು ಯಾರೂ ಬರುವುದಿಲ್ಲ. ಫೋನು ಎಲ್ಲರ ಜೇಬಿನಲ್ಲೂ ಇದೆ, ಒಂದು ಮಧ್ಯಾಹ್ನ ಸಾಕು.

ಕೌದಿ ಈಗ ಅವ್ವನ ಹತ್ತಿರ ಇದೆ. ಒಗೆದು ಗಂಜಿ ತೆಗೆದ ಹತ್ತಿ ಬಟ್ಟೆಯಲ್ಲಿ ಸುರುಳಿ ಸುತ್ತಿ ಕೊಟ್ಟಿದ್ದೇನೆ. ಮಡಚಿಟ್ಟರೆ ಮಡಿಕೆಯಲ್ಲಿ ನೂಲು ಕಡಿಯುತ್ತದೆ. ಅವಳ ನಂತರ ಯಾರ ಮನೆಯಲ್ಲಿ ಕೂಸು ಹುಟ್ಟುತ್ತದೋ ಆ ಮನೆಗೆ ಹೋಗಬೇಕು, ಮತ್ತೊಂದು ಕೂಸು ಹುಟ್ಟಿದಾಗ ಅಲ್ಲಿಂದ ಹೊರಡಬೇಕು ಎಂದು ಒಂದು ಹಾಳೆಯಲ್ಲಿ ಬರೆದು ಮೂವರೂ ಸಹಿ ಹಾಕಿದ್ದಾರೆ. ಅದು ನಡೆಯುತ್ತದೋ ಇಲ್ಲವೋ ಕಾಲವೇ ಹೇಳಬೇಕು.

ಕೌದಿಯ ಹೊಟ್ಟೆ

ನಡುವಿನ ತೂತಿನ ವಿಷಯ ಬಾಕಿ ಇದೆ. ಅಲ್ಲಿ ಕೈಗೆ ಒಂದು ಗಡುಸು ಗಂಟು ಸಿಗುತ್ತಿತ್ತು, ಹುಳದ ಗೂಡೆಂದು ತಿಳಿದಿದ್ದೆ. ಅವ್ವನನ್ನು ಕೇಳಿದೆ. "ಅದು ಅದರ ಹೊಟ್ಟಿ," ಎಂದಳು. ಈ ಮನೆತನದಲ್ಲಿ ಕೌದಿಯ ಕೊನೆಯ ಹೊಲಿಗೆ ಹಾಕುವ ಮೊದಲು ನಡುವೆ ಒಂದು ಹಿಡಿ ಕಾಳು ಕಟ್ಟಿಡುತ್ತಾರೆ. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಬರುವುದಿಲ್ಲವಂತೆ. ಬರ ಕಳೆದ ವರ್ಷ ಅವಳ ಅತ್ತೆ ಮೊದಲ ಸುಗ್ಗಿಯ ಬಿಳಿಜೋಳವನ್ನು ಮನೆಯವರ ತಟ್ಟೆಗೆ ಹಾಕುವ ಮುಂಚೆ ಇದರ ಹೊಟ್ಟೆಗೆ ಹಾಕಿದ್ದಳು.

ನಾನು ಬಿಡಿಸಿದಾಗ, ಈ ಸಲ ಅವ್ವನ ಎದುರಿಗೇ, ಸಿಕ್ಕಿದ್ದು ಹೊಟ್ಟು ಮತ್ತು ಬೂದಿಯಂಥ ಪುಡಿ. ಹುಳ ಬಂದದ್ದು ಆ ಕಾಳಿಗೆ, ಅಲ್ಲಿಂದ ಬಟ್ಟೆಗೆ. ಹೊಸ ಕಾಳು ತುಂಬಬೇಕು ಎಂದಳು ಅವ್ವ. ನನ್ನ ಕಸುಬು ಬೇಡ ಎನ್ನುತ್ತಿತ್ತು. ಕಾಳು ಹಾಕಿದರೆ ಮತ್ತೆ ಹುಳ, ಇಲಿ. ಹುರಿದು ಹಾಕೋಣವೇ ಎಂದು ಕೇಳಿದೆ. "ಹುರದ ಕಾಳು ಸತ್ತ ಕಾಳು. ಸತ್ತದ್ದನ್ನ ಯಾರರ ಹೊಟ್ಟಿಗೆ ಹಾಕತಾರೇನು?"

ಆಗ ಬೀಜ ಭಂಡಾರಗಳ ನೆನಪು ಬಂತು. ಚೆನ್ನಾಗಿ ಒಣಗಿದ ಬೀಜವನ್ನು ಅಲ್ಲಿ ವರ್ಷಗಟ್ಟಲೆ ಕಾಪಾಡುವುದೂ ಮೈನಸ್ 18 ಡಿಗ್ರಿಯಲ್ಲೇ. ಅದೇ ಚಳಿಯಲ್ಲಿ ಹುಳ, ಹುಳದ ಮೊಟ್ಟೆ ಸಾಯುತ್ತವೆ, ಒಣಗಿದ ಕಾಳಿನ ಜೀವ ಹೋಗುವುದಿಲ್ಲ. ಹಿರಿಯ ಮಗ ಆ ವರ್ಷ ಬೆಳೆದ ಜೋಳದಲ್ಲಿ ಒಂದು ಹಿಡಿ ತಂದುಕೊಟ್ಟ. ಹೊಲಿಗೆಗೆ ಕೂರದವನು ಜೋಳವನ್ನು ಮಾತ್ರ ಮೂರು ದಿನ ಬಿಸಿಲಿಗೆ ಹರವಿ, ಕೇರಿ, ಒಂದೊಂದೇ ಆರಿಸಿದ್ದ. ಎರಡು ವಾರ ಐಸ್‌ಕ್ರೀಂ ಅಂಗಡಿಯ ಫ್ರೀಜರಿನಲ್ಲಿಟ್ಟು ಒಯ್ದೆ.

ಅವ್ವ ನನ್ನ ಮಾತಿನ ಮೇಲೆ ಒಪ್ಪಲಿಲ್ಲ. ಹತ್ತು ಕಾಳು ಎಣಿಸಿ ತೆಗೆದು, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಒಲೆಯ ಪಕ್ಕದ ಗೂಡಿನಲ್ಲಿ ಇಡಿಸಿದಳು. ಮೂರನೆಯ ದಿನ ಬೆಳಿಗ್ಗೆ ಗಂಟು ಬಿಚ್ಚಿ ಅವಳ ಅಂಗೈ ಮೇಲೆ ಹಾಕಿದೆವು. ಒಂದೊಂದನ್ನೂ ಹೆಬ್ಬೆರಳಲ್ಲಿ ತಡವಿ ಮೊಳಕೆ ಇದ್ದದ್ದನ್ನು ಒಂದು ಕಡೆ ಸರಿಸಿದಳು. ಎಂಟು. ಮೊಳೆಯದ ಎರಡನ್ನು ಇನ್ನೊಮ್ಮೆ ತಡವಿ ನೋಡಿ ಪಕ್ಕಕ್ಕಿಟ್ಟಳು.

"ಹಾಕ್ರಿ ಇನ್ನ," ಎಂದಳು. ಸೂಜಿಗೆ ದಾರ ಪೋಣಿಸಿ ಕೊಡಲು ಹೇಳಿ, ಕೊನೆಯ ಹೊಲಿಗೆಯನ್ನು ತಾನೇ ಹಾಕಿದಳು.